ನಲ್ಲಿ ಕಚ್ಚುತ್ತೆ ಅಪ್ಪಾ

ಬ್ಲಾಗಿಗೆ ಧೂಳು ಹಿಡಿದು ಬಹಳ ದಿನ ಆಗಿತ್ತು. ಮಳೆಗಾಲದ ಬಗ್ಗೆ ಅರ್ಧ ಬರೆದಿಟ್ಟ ಪೋಸ್ಟೊಂದಿತ್ತು, ಅದನ್ನು ಮುಗಿಸಿ ಹಾಕಿಬಿಡೋಣ ಅಂತ ಕೂತಿದ್ದೆ. ಆಗಲಿಲ್ಲ. ಪೇಪರಿನ ಒಳಪುಟದ ಮೂಲೆಯಲ್ಲಿದ್ದ ಮೂರು ಸಾಲಿನ ಸುದ್ದಿಯೊಂದು ತಲೆಯಲ್ಲಿ ಕೂತುಬಿಟ್ಟಿತು. ನೀವೂ ಇಂಥವನ್ನು ಹತ್ತಾರು ಓದಿರುತ್ತೀರಿ. ಸ್ನಾನಕ್ಕೆ ನೀರು ಕಾಯಿಸಲು ಬಕೆಟ್ಟಿಗೆ ಹೀಟರ್ ಹಾಕಿದ್ದರು, ಕಾದಿದೆಯಾ ಅಂತ ನೋಡಲು ಕೈ ಇಟ್ಟರು, "ಆಕಸ್ಮಿಕವಾಗಿ" ವಿದ್ಯುತ್ ತಗುಲಿತು. ಮುಗೀತು. ಚಳಿಗಾಲ ಬಂತು ಅಂದ್ರೆ ಅವರೇಕಾಯಿ ಬಂದ ಹಾಗೆ ಈ ಸುದ್ದಿಗಳೂ ಬರುತ್ತವೆ. ಹೆಸರು, ಊರು ಮಾತ್ರ ಬೇರೆ.

ನನ್ನ ಜಗಳ ಇರೋದು ಆ "ಆಕಸ್ಮಿಕವಾಗಿ" ಅನ್ನೋ ಪದದ ಜೊತೆ. ದಾರಿಯಲ್ಲಿ ಹೋಗುವಾಗ ಒಳ್ಳೇ ಮರವೊಂದು ಮುರಿದು ತಲೆ ಮೇಲೆ ಬಿದ್ದರೆ ಆಕಸ್ಮಿಕ ಅನ್ನಿ, ಒಪ್ಪುತ್ತೇನೆ. ಆದರೆ ಅರ್ತ್ ಇಲ್ಲದ ಸಾಕೆಟ್ಟು, ಬಿರುಕು ಬಿಟ್ಟ ರಾಡು, ಒದ್ದೆ ನೆಲ, ಬರಿಗಾಲು, ಇವಿಷ್ಟನ್ನೂ ಒಂದೇ ಕೋಣೆಯಲ್ಲಿ ಜೋಡಿಸಿಟ್ಟು, ಬಾಗಿಲಿಗೆ ಒಳಗಿಂದ ಚಿಲಕವನ್ನೂ ಹಾಕಿಕೊಂಡು, ಆಮೇಲೆ ಆಕಸ್ಮಿಕ ಅಂದ್ರೆ ಹೇಗೆ ಸ್ವಾಮಿ?

ಬೇರೆಯವರಿಗೆ ಬೈಯುವ ಮುಂಚೆ ನನ್ನ ಕಥೆ ಹೇಳಿಬಿಡ್ತೀನಿ. ಇಲ್ಲದಿದ್ರೆ ನನ್ನ ಮನೆಯವಳು ಕಾಮೆಂಟಿನಲ್ಲಿ ಬಂದು ಹೇಳ್ತಾಳೆ.

*

ಬೆಂಗಳೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯದು ಮೊದಲನೇ ಮಹಡಿ. ಬಚ್ಚಲಿನಲ್ಲಿ ಓನರ್ ಕಾಲದ ಗೀಸರ್ ಒಂದಿತ್ತು. ಗೀಸರ್‌ನಿಂದ ನಲ್ಲಿಯವರೆಗೆ ಗೋಡೆಯೊಳಗೆ ಹಳೇ ಕಬ್ಬಿಣದ ಪೈಪು. ಮೇಲಿನ ಟ್ಯಾಂಕಿನಿಂದ ಗೀಸರ್‌ವರೆಗೆ ಮಾತ್ರ ಹೊಸದಾಗಿ ಹಾಕಿಸಿದ ಪ್ಲಾಸ್ಟಿಕ್ ಪೈಪು. ಮನೆಗೆ ಬಂದ ಮೊದಲ ವಾರವೇ ಗೊತ್ತಾಯ್ತು, ಗೀಸರ್ ಹಾಕಿ ನಲ್ಲಿ ಮುಟ್ಟಿದ್ರೆ ಬೆರಳಿಗೆ ಜುಮ್ ಅನ್ನುತ್ತೆ.

ಓನರ್‌ಗೆ ಹೇಳಿದೆ. ಅವರು ನಕ್ಕರು. "ಹಳೇ ಮನೆಗಳಲ್ಲಿ ಎಲ್ಲಾ ಕಡೆ ಹಾಗೇ ಸಾರ್, ಏನಾಗಲ್ಲ. ಹವಾಯಿ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ." ಬೀದಿಯ ತುದಿಯಲ್ಲಿದ್ದ ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟು ನೋಡಿದ. ಒಳಗಿನ ಪುಟ್ಟ ಕೆಂಪು ದೀಪ ಮಿಣುಕಿತು. "ಸ್ವಲ್ಪ ಬರ್ತಿದೆ ಸಾರ್, ಜಾಸ್ತಿ ಇಲ್ಲ" ಅಂತ ಹೇಳಿ ಐವತ್ತು ರೂಪಾಯಿ ತಗೊಂಡು ಹೋದ. ನಾನು ಏನು ಮಾಡಿದೆ? ನೀಲಿ ಪಟ್ಟಿಯ ಎರಡು ಜೊತೆ ಹವಾಯಿ ಚಪ್ಪಲಿ ತಂದೆ! ಎಂಜಿನಿಯರಿಂಗ್ ಓದಿದ ಮನುಷ್ಯ ನಾನು. ಎಂಟು ತಿಂಗಳು ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿದ್ದೀನಿ. ಆಫೀಸಿನಲ್ಲಿ ಅದನ್ನೇ ಜೋಕ್ ಮಾಡಿ ಹೇಳಿ ನಗಿಸಿಯೂ ಇದ್ದೀನಿ.

ಮಗಳಿಗೆ ಆಗ ನಾಲ್ಕು ವರ್ಷ. ಒಂದು ದಿನ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿಗೆ ಹೋದವಳು ಹೊರಗೆ ಬಂದು, "ಅಪ್ಪಾ, ನಲ್ಲಿ ಕಚ್ಚುತ್ತೆ" ಅಂದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಹಾಗಾದ್ರೆ ಮುಟ್ಬೇಡ ಪುಟ್ಟಾ" ಅಂದೆ.

ಮೂರು ವಾರ ಕಳೆದ ಮೇಲೆ ಹೆಂಡತಿಯ ಚಿಕ್ಕಪ್ಪ ಊರಿಂದ ಬಂದರು. ಜೀವಮಾನವಿಡೀ ಕರೆಂಟಿನ ಕೆಲಸ ಮಾಡಿ ರಿಟೈರ್ ಆದವರು. ಬೆಳಗ್ಗೆ ಸ್ನಾನಕ್ಕೆ ಹೋದವರು ಎರಡೇ ನಿಮಿಷಕ್ಕೆ ಟವೆಲ್ ಸುತ್ತಿಕೊಂಡು ಹೊರಗೆ ಬಂದರು. ಮೊದಲು ಮೇನ್ ಆಫ್ ಮಾಡಿದರು. ಗೀಸರಿನ ಸಾಕೆಟ್ ಬಿಚ್ಚಿದರು. ಮೂರು ತೂತಿನ ಸಾಕೆಟ್ಟು, ಹಿಂದೆ ಎರಡೇ ತಂತಿ. ಮೇಲಿನ ದಪ್ಪ ತೂತು ಬರೀ ಅಲಂಕಾರಕ್ಕೆ! ಗೀಸರಿನ ಕಾಯಿಲ್ ಹೊರಗೆ ತೆಗೆದರೆ ಸುಣ್ಣ ಕಟ್ಟಿಕೊಂಡು ಅದರ ಮೈ ಒಂದು ಕಡೆ ಸೀಳಿತ್ತು. ನಮ್ಮ ಬೋರ್‌ವೆಲ್ ನೀರಿನ ಪ್ರಸಾದ. ಸೀಳು ಇನ್ನೂ ಸಣ್ಣದಾಗಿತ್ತು, ಅದಕ್ಕೆ ಬರೀ ಜುಮ್. ಅದು ಇನ್ನಷ್ಟು ಬಾಯಿ ಬಿಟ್ಟಿದ್ದರೆ ಗೀಸರಿನ ಮೈ, ಕಬ್ಬಿಣದ ಪೈಪು, ನಲ್ಲಿ, ಮೂರೂ ಕರೆಂಟಿನ ತಂತಿಯೇ ಆಗಿಬಿಡುತ್ತಿದ್ದವು.

"ಎಷ್ಟು ದಿನದಿಂದ ಹೀಗೆ?" ಅಂದರು.

"ಎಂಟು ತಿಂಗಳು... ಚಪ್ಪಲಿ ಹಾಕ್ಕೊಳ್ತೀವಿ."

"ಮಗೂನೂ ಹಾಕ್ಕೊಳ್ಳುತ್ತಾ?"

ನಾನು ಉತ್ತರ ಕೊಡಲಿಲ್ಲ. ಅವಳ ಅಳತೆಯ ಚಪ್ಪಲಿ ನಾನು ತಂದಿರಲಿಲ್ಲ.

ಬೈದಿದ್ರೆ ಚೆನ್ನಾಗಿರ್ತಿತ್ತು. ಅವರು ಬೈಯಲಿಲ್ಲ.

*

ನಮ್ಮದು ಬಚಾವಾದ ಕಥೆ. ಬಚಾವಾಗದ ಕಥೆಯೂ ಒಂದಿದೆ. ಊರಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದು ಇಡೀ ಮನೆಗೆ ನೀರು ಕಾಯಿಸುವುದು ಆ ಮನೆಯ ಸೊಸೆಯ ಕೆಲಸ. ಹಿಂದೆ ಬಚ್ಚಲೊಲೆ, ತಾಮ್ರದ ಹಂಡೆ ಇತ್ತು. ಹೊಗೆ ಕುಡಿದು ಕಣ್ಣು ಕೆಂಪು ಮಾಡಿಕೊಂಡು ಸಾಕಾಗಿ ರಾಡ್ ತಂದರು, ಅದು ತಪ್ಪೂ ಅಲ್ಲ. ಆ ದಿನ ಬಕೆಟ್ಟಿಗೆ ರಾಡ್ ಹಾಕಿ ಸ್ವಿಚ್ ಒತ್ತಿದ್ದಾಳೆ, ಕರೆಂಟ್ ಹೋಗಿದೆ. ಕರೆಂಟ್ ಇಲ್ವಲ್ಲ ಅನ್ನೋ ಧೈರ್ಯದಲ್ಲಿ ಬಂದು, ಎಷ್ಟು ಕಾದಿದೆ ಅಂತ ನೀರಿಗೆ ಕೈ ಹಾಕಿದ್ದಾಳೆ. ಅದೇ ಹೊತ್ತಿಗೆ ಕರೆಂಟ್ ವಾಪಸ್ ಬಂದಿದೆ.

ನಮ್ಮ ಕರೆಂಟು ಹೇಳದೇ ಹೋಗುತ್ತೆ, ಹೇಳದೇ ಬರುತ್ತೆ. ನಮ್ಮೆಲ್ಲರ ಬದುಕೇ ಹಾಗಿದೆ. ಟಿವಿ, ಫ್ಯಾನು, ಮಿಕ್ಸಿಗೆ ಅದರಿಂದ ಏನೂ ತೊಂದರೆ ಇಲ್ಲ. ಆದರೆ "ಕರೆಂಟ್ ಹೋಗಿದೆ" ಅನ್ನೋದನ್ನ "ಸ್ವಿಚ್ ಆಫ್ ಆಗಿದೆ" ಅಂತ ಓದಿಕೊಳ್ಳೋ ನಮ್ಮ ಅಭ್ಯಾಸ ಇದೆಯಲ್ಲ, ಅದು ರಾಡಿನ ಹತ್ತಿರ ಜೀವ ತೆಗೆಯುತ್ತೆ. ಅವಳನ್ನು ಎಳೆಯಲು ಹೋದ ಗಂಡನಿಗೂ ಶಾಕ್ ಹೊಡೆದು ಬಿದ್ದ. ಅವನು ಉಳಿದುಕೊಂಡ. ಇಂಥ ಕಡೆ ಒಬ್ಬರ ಹಿಂದೆ ಇನ್ನೊಬ್ಬರು ಹೋಗೋದು ಹೀಗೇ.

ಹದಿಮೂರನೇ ದಿನಕ್ಕೆ ನಾನೂ ಹೋಗಿದ್ದೆ. ಕೂತವರೆಲ್ಲ ಹೇಳಿದ್ದು ಒಂದೇ ಮಾತು, ಅವಳ ಆಯಸ್ಸು ಅಷ್ಟೇ ಇತ್ತು, ಗ್ರಹಚಾರ. ರಾಡನ್ನು ಯಾರೂ ಬೈಯಲಿಲ್ಲ, ಸಾಕೆಟ್ಟನ್ನು ಯಾರೂ ಬಿಚ್ಚಿ ನೋಡಲಿಲ್ಲ. ಅವತ್ತು ಬಂದ ನೆಂಟರಿಗೆ ಸ್ನಾನದ ನೀರು ಅದೇ ಬಚ್ಚಲಲ್ಲಿ, ಇನ್ನೊಂದು ರಾಡಿನಲ್ಲಿ ಕಾಯುತ್ತಿತ್ತು. ಇದನ್ನು ಬರೆಯುವಾಗಲೂ ಕೈ ನಡುಗುತ್ತೆ.

ಇದು ಬರೀ ಹಳ್ಳಿಯವರ, ಓದದವರ ಸಮಸ್ಯೆ ಅಂತ ಮಾತ್ರ ಅಂದುಕೊಳ್ಳಬೇಡಿ. ಫ್ರಾನ್ಸಿನ ಬಹು ಜನಪ್ರಿಯ ಗಾಯಕ ಕ್ಲೋದ್ ಫ್ರಾನ್ಸ್ವಾ 1978ರ ಮಾರ್ಚ್ 11ರಂದು ಪ್ಯಾರಿಸಿನ ತನ್ನ ಮನೆಯ ಬಚ್ಚಲಿನಲ್ಲೇ ಸತ್ತ. ಸ್ನಾನದ ತೊಟ್ಟಿಯಲ್ಲಿದ್ದಾಗ ಗೋಡೆಯ ದೀಪವನ್ನು ನೆಟ್ಟಗೆ ಮಾಡಲು ಕೈ ಚಾಚಿದ್ದ. ಒದ್ದೆ ಮೈಗೆ ಬಡವ, ಶ್ರೀಮಂತ ಅಂತ ಭೇದ ಇಲ್ಲ.

*

ಈಗ ಸ್ವಲ್ಪ ಲೆಕ್ಕ. ಬೋರ್ ಆಗಬೇಡಿ, ಏಳನೇ ಕ್ಲಾಸಿನ ಭಾಗಾಕಾರವೇ.

ನಮ್ಮ ಮನೆಗೆ ಬರೋದು 230 ವೋಲ್ಟ್. ಒಣಗಿದ ಚರ್ಮ ಕರೆಂಟಿಗೆ ಸಾಕಷ್ಟು ತಡೆ ಒಡ್ಡುತ್ತೆ. ಅದೇ ಚರ್ಮ ಒದ್ದೆಯಾದರೆ ಇಡೀ ದೇಹದ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. 230ನ್ನು 1000ದಿಂದ ಭಾಗಿಸಿ. 0.23 ಆಂಪಿಯರ್, ಅಂದ್ರೆ 230 ಮಿಲಿ ಆಂಪಿಯರ್. ಸುಮಾರು 10 ಮಿಲಿ ಆಂಪಿಯರ್‌ಗೇ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದ ನಲ್ಲಿಯನ್ನು ಬಿಡಬೇಕು ಅಂದ್ರೂ ಬಿಡಲಾಗೋಲ್ಲ. 50 ದಾಟಿದ್ದು ಒಂದೆರಡು ಸೆಕೆಂಡು ಎದೆಯ ಮೂಲಕ ಹರಿದರೆ ಹೃದಯದ ಲಯವೇ ತಪ್ಪಬಹುದು. ಅಲ್ಲಿ 230 ಅಂದ್ರೆ ಏನು ಅಂತ ನೀವೇ ಯೋಚಿಸಿ.

"ನಮ್ಮ ಮನೇಲಿ ಎಂಸಿಬಿ ಇದೆಯಲ್ಲ, ಅದು ಬೀಳುತ್ತೆ" ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ ನಾವೆಲ್ಲ ಒಟ್ಟಾಗಿ ಮೋಸ ಹೋಗಿದ್ದೀವಿ. ಗೀಸರಿನ ಎಂಸಿಬಿ 16 ಆಂಪಿಯರಿನದ್ದು. ಅದಕ್ಕಿಂತ ಹೆಚ್ಚು ಕರೆಂಟು ಎಳೆದರೆ ತಂತಿ ಕಾದು ಬೆಂಕಿ ಹತ್ತೀತು ಅಂತ ಅದನ್ನು ಹಾಕೋದು. ಅದು ಕಾಯೋದು ತಂತಿಯನ್ನು, ನಿಮ್ಮನ್ನಲ್ಲ. 230 ಮಿಲಿ ಆಂಪಿಯರ್ ಅಂದ್ರೆ ಸುಮಾರು 53 ವ್ಯಾಟ್. ಹಳೇ ಕಾಲದ 60 ವ್ಯಾಟ್ ಬಲ್ಬಿಗಿಂತ ಕಡಿಮೆ! ಬಚ್ಚಲಲ್ಲಿ ಒಬ್ಬ ಮನುಷ್ಯ ಸಾಯುತ್ತಿದ್ದರೆ ಎಂಸಿಬಿ ಪಾಲಿಗೆ ಯಾರೋ ಒಂದು ಬಲ್ಬ್ ಹಾಕಿದರು ಅಷ್ಟೆ. ಅದು ಯಾಕೆ ಬೀಳುತ್ತೆ?

ನಿಮ್ಮನ್ನು ಕಾಯಲು ಇರೋದು ಬೇರೆ. ಅದರ ಹೆಸರು ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್‌ಗಳು ಇಎಲ್‌ಸಿಬಿ ಅಂತಲೂ ಅನ್ನುತ್ತಾರೆ. ಅದರ ಕೆಲಸ ಶಾಲೆಯ ಪ್ರವಾಸಕ್ಕೆ ಹೋದ ಮೇಷ್ಟ್ರ ಕೆಲಸದಂತೆ. ಬಸ್ಸಿನಿಂದ ಇಳಿಯುವಾಗ ನಲವತ್ತು ಮಕ್ಕಳು, ಹತ್ತುವಾಗ ಮೂವತ್ತೊಂಬತ್ತು ಅಂದ್ರೆ ಮೇಷ್ಟ್ರು ಬಸ್ಸು ಬಿಡಲು ಬಿಡ್ತಾರಾ? ಹಾಗೇ ಒಂದು ತಂತಿಯಲ್ಲಿ ಹೋದ ಕರೆಂಟು ಇನ್ನೊಂದು ತಂತಿಯಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಇದು ಸದಾ ಎಣಿಸುತ್ತಿರುತ್ತೆ. ಬರಲಿಲ್ಲ ಅಂದ್ರೆ ನಡುವೆ ಎಲ್ಲೋ, ಯಾರದೋ ಮೈಯಿಂದ ನೆಲಕ್ಕೆ ಹೋಗ್ತಿದೆ ಅಂತ ಅರ್ಥ. ಮನೆಗೆ ಹಾಕುವ 30 ಮಿಲಿ ಆಂಪಿಯರಿನದ್ದಾದರೆ, ಅಷ್ಟು ಕರೆಂಟು ಲೆಕ್ಕ ತಪ್ಪಿದ ತಕ್ಷಣ ಹೆಚ್ಚೆಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಎಲ್ಲವನ್ನೂ ಕಡಿದುಹಾಕುತ್ತೆ. ಒಂದು ಎದೆಬಡಿತಕ್ಕೆ ಬೇಕಾದ ಹೊತ್ತಿಗಿಂತ ಮೊದಲು. ಜೊತೆಗೆ ಸರಿಯಾದ ಅರ್ತ್ ಇದ್ದರೆ ಇನ್ನೂ ಒಳ್ಳೇದು. ಗೀಸರ್ ಸೋರಲು ಶುರುವಾದ ಗಳಿಗೆಯಲ್ಲೇ, ನೀವು ಮುಟ್ಟೋ ಮೊದಲೇ ಬೀಳುತ್ತೆ. ಅರ್ತ್ ಇಲ್ಲದಿದ್ದರೆ ನೀವು ಮುಟ್ಟಿದ ಮೇಲೆ ಬೀಳುತ್ತೆ. ಎರಡೂ ಬೇಕು ಅನ್ನೋದು ಅದಕ್ಕೇ.

ಇದೇನು ನಿನ್ನೆ ಮೊನ್ನೆ ಕಂಡುಹಿಡಿದದ್ದಾ? ಅಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಝಿಯಲ್ ಮನುಷ್ಯನ ಮೈ ಎಷ್ಟು ಕರೆಂಟು ತಡೆಯುತ್ತೆ ಅನ್ನೋದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಈ ತತ್ವದ ಮೇಲೆ ಅಲ್ಲಿನ ಸಾಧನವನ್ನು 1961ರಲ್ಲಿ ರೂಪಿಸಿದ. 1975ರ ಹೊತ್ತಿಗೆ ಅಲ್ಲಿನ ವಿದ್ಯುತ್ ಸಂಹಿತೆ ಹೊಸ ಮನೆಗಳ ಬಚ್ಚಲಿನ ಸಾಕೆಟ್‌ಗಳಿಗೆ ಅದನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿರೋ ಬ್ಲಾಗಿಗ ಗೆಳೆಯರು ತಮ್ಮ ಬಚ್ಚಲಿಗೆ ಹೋಗಿ ನೋಡಿ, ಸಾಕೆಟ್ಟಿನ ನಡುವೆ ಪುಟ್ಟ ಎರಡು ಗುಂಡಿ ಇರುತ್ತಲ್ಲ, ಅದೇ ಇದು. ಅವರಲ್ಲಿ ಇರೋದು 120 ವೋಲ್ಟು, ನಮ್ಮ ಅರ್ಧ. ಇನ್ನು 230 ವೋಲ್ಟಿನ ಬ್ರಿಟನ್ನಿನಲ್ಲಿ ಸ್ನಾನದ ತೊಟ್ಟಿಯ ಹತ್ತಿರ ಮಾಮೂಲಿ ಸಾಕೆಟ್ಟನ್ನೇ ಇಡುವಂತಿಲ್ಲ, ಕೆಲವು ಮೀಟರ್ ದೂರ ಇರಲೇಬೇಕು. ದೀಪಕ್ಕೂ ಚಾವಣಿಯಿಂದ ದಾರ ಇಳಿಬಿಟ್ಟಿರುತ್ತಾರೆ, ಒದ್ದೆ ಕೈ ಸ್ವಿಚ್ಚಿಗೆ ತಾಗದಿರಲಿ ಅಂತ. ನಮ್ಮಲ್ಲಿ? ಷವರಿನ ಕೆಳಗೇ ಸಾಕೆಟ್ಟು, ಅದರ ಪಕ್ಕ ವಾಷಿಂಗ್ ಮೆಷಿನ್ನು, ಮೇಲೆ ಚಾರ್ಜಿಗೆ ಹಾಕಿದ ಮೊಬೈಲು, ಅದರಲ್ಲಿ ಭಜನೆ.

*

ಇಷ್ಟೆಲ್ಲಾ ಗೊತ್ತಿದ್ದೂ ಯಾಕೆ ಹಾಕಿಸೋಲ್ಲ? ನನ್ನ ಸಿಟ್ಟು ಇರೋದೇ ಇಲ್ಲಿ.

ಒಂದು ಆರ್‌ಸಿಸಿಬಿಗೆ ಎರಡು ಸಾವಿರ ರೂಪಾಯಿ ಆಸುಪಾಸು ಆಗುತ್ತೆ. ಮನೆ ಕಟ್ಟಿಸುವವರು ಬಾಗಿಲ ಕೆತ್ತನೆಗೆ, ಗ್ರಾನೈಟಿಗೆ ಕೊಡುವ ದುಡ್ಡಿನ ಮುಂದೆ ಅದು ಎಷ್ಟು? ಗೃಹಪ್ರವೇಶಕ್ಕೆ ಹೋದಾಗ "ಬನ್ನಿ, ಬಾತ್‌ರೂಮ್ ನೋಡಿ" ಅಂತ ಕೈ ಹಿಡಿದು ಕರೆದುಕೊಂಡು ಹೋಗಿ ಟೈಲ್ಸ್ ತೋರಿಸುತ್ತಾರೆ. ಟೈಲ್ಸಿನ ರೇಟು ಹೇಳುತ್ತಾರೆ. ಇತ್ತೀಚೆಗೆ ನಾನು "ಆರ್‌ಸಿಸಿಬಿ ಎಲ್ಲಿದೆ?" ಅಂತ ಕೇಳಲು ಶುರು ಮಾಡಿದ್ದೀನಿ. ಹೆಂಡತಿ ಕಣ್ಣಲ್ಲೇ ಬೈಯುತ್ತಾಳೆ. ಪಾಯಸ ಮಾತ್ರ ಇನ್ನೂ ಬಡಿಸ್ತಿದ್ದಾರೆ, ಪುಣ್ಯ.

ಇದಕ್ಕಿಂತ ಕೆಟ್ಟದ್ದು ಇದೆ. ಹಾಕಿಸಿದ್ದನ್ನು ತೆಗೆಸೋದು! "ಪದೇ ಪದೇ ಬೀಳ್ತಿತ್ತು ಸಾರ್, ಬೈಪಾಸ್ ಮಾಡಿಬಿಟ್ಟೆ" ಅಂತ ಎಲೆಕ್ಟ್ರಿಷಿಯನ್ ಹೆಮ್ಮೆಯಿಂದ ಹೇಳ್ತಾನೆ, ಮನೆಯವರು ಖುಷಿಯಾಗಿ ದುಡ್ಡು ಕೊಡ್ತಾರೆ. ಅಲ್ಲಾ ಮಾರಾಯ್ರೆ, ಅದು ಬೀಳ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತ, ಇಲ್ಲಾ ಯಾರೋ ವೈರಿಂಗ್ ಎಡವಟ್ಟು ಮಾಡಿದ್ದಾರೆ ಅಂತ. ರಾತ್ರಿ ಬೊಗಳಿ ನಿದ್ದೆ ಕೆಡಿಸುತ್ತೆ ಅಂತ ನಾಯಿಯನ್ನು ಕೊಂದು, ಕಳ್ಳನಿಗೆ ಬಾಗಿಲು ತೆರೆದಿಟ್ಟು ಮಲಗಿದ ಹಾಗಾಯ್ತು.

ಅರ್ತ್ ವಿಷಯದಲ್ಲೂ ಒಂದು ಕಳ್ಳಾಟ ಇದೆ. ಅರ್ತ್ ತಂತಿ ಎಳೆಯಲು ಸೋಮಾರಿತನವಾಗಿ, ಸಾಕೆಟ್ಟಿನ ಹಿಂದೆಯೇ ನ್ಯೂಟ್ರಲ್‌ನಿಂದ ಅರ್ತ್ ತೂತಿಗೆ ಒಂದು ಚೂರು ತಂತಿ ಕಟ್ಟಿಬಿಡ್ತಾರೆ. ಬಲ್ಬ್ ಇಟ್ಟು ನೋಡಿದ್ರೆ ಉರಿಯುತ್ತೆ, "ನೋಡಿ ಸಾರ್, ಅರ್ತ್ ಬಂತು!" ಮುಂದೊಂದು ದಿನ ಮೀಟರಿನ ಹತ್ತಿರವೋ ಕಂಬದ ಹತ್ತಿರವೋ ನ್ಯೂಟ್ರಲ್ ಕಿತ್ತುಹೋಯ್ತು ಅನ್ನಿ, ಆ ಚೂರು ತಂತಿಯ ಮೂಲಕ ಗೀಸರು, ವಾಷಿಂಗ್ ಮೆಷಿನ್ನು, ಎಲ್ಲದರ ಮೈಗೂ ಪೂರ್ತಿ ಕರೆಂಟು. ಕಾಪಾಡಬೇಕಾದ ತಂತಿಯೇ ಕೊಲ್ಲುವ ತಂತಿ.

ಕಾನೂನು ಇಲ್ವಾ ಅಂದ್ರೆ, ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳಲ್ಲೇ ಇಂಥ ಸೋರಿಕೆ ತಡೆಯುವ ಸಾಧನ ಇರಬೇಕು ಅಂತ ಬರೆದಿತ್ತು. ಆದರೆ ಮನೆಮಟ್ಟದ ವೋಲ್ಟೇಜಿನಲ್ಲಿ 5 ಕಿಲೋವ್ಯಾಟ್‌ಗಿಂತ ಕಡಿಮೆ ಇರುವ ಸಂಪರ್ಕಗಳಿಗೆ ವಿನಾಯಿತಿ! ಯೋಚಿಸಿ ನೋಡಿ, ಬಕೆಟ್ಟಿಗೆ ರಾಡ್ ಹಾಕೋದು ಯಾರು? ದೊಡ್ಡ ಬಂಗಲೆಯವರಾ? ಒಂದು ಕೋಣೆ, ಒಂದು ಬಚ್ಚಲು, ಒಂದೋ ಎರಡೋ ಕಿಲೋವ್ಯಾಟಿನ ಮನೆಯವರು. ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರನ್ನೇ ಬಾಗಿಲಾಚೆ ನಿಲ್ಲಿಸಿದ ನಿಯಮ ಅದು. 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂತು. ನಿಯಮ ಬದಲಾದ ಮಾತ್ರಕ್ಕೆ ಗೋಡೆಯೊಳಗಿನ ತಂತಿ ಬದಲಾಗೋಲ್ಲವಲ್ಲ. ಹೊಸ ಸಂಪರ್ಕ ಬೇಕಾದರೆ ಪರವಾನಗಿ ಇರುವ ಗುತ್ತಿಗೆದಾರ ವೈರಿಂಗ್ ನೋಡಿ ಸಹಿ ಹಾಕಬೇಕು. ಆ ಸಹಿ ಹೇಗೆ ಬೀಳುತ್ತೆ, ಎಷ್ಟಕ್ಕೆ ಬೀಳುತ್ತೆ ಅಂತ ಮನೆ ಕಟ್ಟಿಸಿದವರಿಗೆ ನಾನು ಹೇಳಬೇಕಾ?

ರಾಡಿನ ಕಥೆಯೂ ಇದೇ. ನೀರು ಕಾಯಿಸುವ ರಾಡಿಗೆ ಐಎಸ್ಐ ಗುರುತನ್ನು 2003ರ ಆದೇಶದಲ್ಲೇ ಕಡ್ಡಾಯ ಮಾಡಲಾಗಿತ್ತು. ಚಳಿಗಾಲದಲ್ಲಿ ಮಾರ್ಕೆಟ್ಟಿನ ಫುಟ್‌ಪಾತಿಗೆ ಹೋಗಿ, ಟಾರ್ಪಾಲಿನ ಮೇಲೆ ರಾಶಿ ಹಾಕಿದ ರಾಡುಗಳನ್ನು ತಿರುಗಿಸಿ ನೋಡಿ. ಗುರುತು ಎಷ್ಟರ ಮೇಲಿದೆ ಅಂತ ನೀವೇ ಎಣಿಸಿ.

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವಾರ್ಷಿಕ ವರದಿಗಳಲ್ಲಿ ವಿದ್ಯುತ್ ತಗುಲಿ ಸತ್ತವರ ಲೆಕ್ಕ 2019ರಿಂದ 2022ರವರೆಗೆ ಪ್ರತಿ ವರ್ಷವೂ ಹತ್ತು ಸಾವಿರಕ್ಕಿಂತ ಹೆಚ್ಚು. ಅವರೆಲ್ಲ ಬಚ್ಚಲಲ್ಲಿ ಸತ್ತವರಲ್ಲ, ಗೊತ್ತು. ಹೊಲದ ಪಂಪ್‌ಸೆಟ್ಟು, ಹರಿದುಬಿದ್ದ ತಂತಿ ಎಲ್ಲ ಸೇರಿದ್ದು. ಆದರೆ ಹರಿದುಬಿದ್ದ ತಂತಿಗೆ ನಾನು ನೀವು ಏನೂ ಮಾಡಲಾಗೋಲ್ಲ. ನಮ್ಮ ಬಚ್ಚಲಿಗೆ ಮಾಡಬಹುದು.

*

ಈಗ ಕಾಮೆಂಟಿನಲ್ಲಿ ಬರಬಹುದಾದ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟುಬಿಡ್ತೀನಿ.

"ನಮ್ಮಮ್ಮ ಮೂವತ್ತು ವರ್ಷದಿಂದ ರಾಡ್ ಬಳಸ್ತಿದ್ದಾರೆ, ಏನೂ ಆಗಿಲ್ಲ." ಸಂತೋಷ, ನೂರು ಕಾಲ ಬಾಳಲಿ. ನಮ್ಮೂರಿನ ಆ ಸೊಸೆಯೂ ಏನೂ ಆಗದೇ ವರ್ಷಗಟ್ಟಲೆ ಬಳಸಿದ್ದಳು. ಏನಾದರೂ ಆಗಿದ್ದು ಒಂದೇ ದಿನ.

"ಬಡವರು ರಾಡ್ ಬಿಟ್ಟು ಏನು ಮಾಡಬೇಕು?" ನ್ಯಾಯವಾದ ಪ್ರಶ್ನೆ. ಗೀಸರ್ ತಗೊಳ್ಳಿ ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ 2015ರಲ್ಲಿ ಉಜಾಲಾ ಯೋಜನೆ ಶುರು ಮಾಡಿ ಕಡಿಮೆ ಬೆಲೆಗೆ ಮನೆಮನೆಗೂ ಎಲ್ಇಡಿ ಬಲ್ಬು ಹಂಚಿದರಲ್ಲ, ಅದು ಆಗುತ್ತೆ ಅಂದ್ರೆ ಇದೂ ಆಗುತ್ತೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಬಂತು, ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಕರೆಂಟನ್ನೇ ಪುಕ್ಕಟೆ ಕೊಡುವವರು ಆ ಕರೆಂಟು ಕೊಲ್ಲದಂತೆ ತಡೆಯುವ ಒಂದು ಸ್ವಿಚ್ಚನ್ನು ಮೀಟರಿನ ಪಕ್ಕ ಕೂರಿಸಿ ಕೊಟ್ಟರೆ ಖಜಾನೆ ಮುಳುಗೋಲ್ಲ. ಕೇಳುವವರು ಬೇಕು. ನಾವು ಇಲ್ಲಿ ಎಷ್ಟೋ ವಿಷಯಕ್ಕೆ ಸಾಲುಸಾಲು ಕಾಮೆಂಟು ಹಾಕಿ ಕಿತ್ತಾಡಿದ್ದೀವಿ, ಇದಕ್ಕೂ ಒಂದು ಸಲ ಬಾಯಿ ಬಿಡೋಣ.

"ಬಾಡಿಗೆ ಮನೆ ಸಾರ್, ಓನರ್ ಮಾಡಿಸೋಲ್ಲ." ನಾನೂ ಇದೇ ನೆಪ ಹೇಳ್ತಿದ್ದೆ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟು ಮನೆ ಹಿಡಿಯುವಾಗ ನೀರು ಬರುತ್ತಾ, ಪಾರ್ಕಿಂಗ್ ಇದೆಯಾ ಅಂತ ಕೇಳ್ತೀವಿ. ಅರ್ತ್ ಇದೆಯಾ ಅಂತಲೂ ಕೇಳಿ. ಅವರು ಒಪ್ಪದಿದ್ದರೆ ನೀವೇ ಹಾಕಿಸಿ, ಬಿಟ್ಟು ಹೋಗುವಾಗ ಬಿಚ್ಚಿಕೊಂಡು ಹೋಗಿ. ಪರದೆ ಕಂಬಿ ಬಿಚ್ಚಿಕೊಂಡು ಹೋಗೋಲ್ವಾ?

"ನಮ್ಮದು ಗ್ಯಾಸ್ ಗೀಸರ್." ಅದರದ್ದು ಬೇರೆ ಅಪಾಯ. ಗಾಳಿ ಆಡದ ಬಚ್ಚಲಿನಲ್ಲಿ ಹೊಗೆಯಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಸ್ನಾನಕ್ಕೆ ಹೋದವರು ಹೊರಗೇ ಬರದ ಸುದ್ದಿಗಳೂ ಇವೆ. ಗೀಸರ್ ಬಚ್ಚಲ ಹೊರಗಿರಲಿ. "ನಮ್ಮದು ಸೋಲಾರ್" ಅನ್ನುವವರು ತಾರಸಿಗೆ ಹೋಗಿ ನೋಡಿ. ಮೋಡದ ದಿನಕ್ಕೆ ಅಂತ ಟ್ಯಾಂಕಿನೊಳಗೆ ಕರೆಂಟಿನ ಕಾಯಿಲ್ ಕೂರಿಸಿದ್ದರೆ ಅದಕ್ಕೂ ಅರ್ತ್ ಬೇಕು.

*

ಬೈದದ್ದಾಯ್ತು. ಈಗ ಕೈಯಲ್ಲಾಗುವ ಕೆಲಸ.

ನಲ್ಲಿ ಜುಮ್ ಅಂದ್ರೆ ಅದು ನೋಟೀಸು. ಸಣ್ಣದೋ ದೊಡ್ಡದೋ ಅಂತ ಟೆಸ್ಟರಿನ ಕೆಂಪು ದೀಪ ಹೇಳೋಲ್ಲ. ತೀರಾ ಸಣ್ಣ ಕರೆಂಟಿಗೂ ಅದು ಹೊತ್ತಿಕೊಳ್ಳುತ್ತೆ. ಅವತ್ತೇ ಗೀಸರ್ ನಿಲ್ಲಿಸಿ, ಮೀಟರ್ ಇರೋ ತಿಳಿದವರನ್ನು ಕರೆಸಿ. ಚಪ್ಪಲಿ ತರಲು ಅಂಗಡಿಗೆ ಹೋಗಬೇಡಿ.

ಗೀಸರ್ ಸ್ವಿಚ್ ಬಚ್ಚಲ ಹೊರಗಿರಲಿ, ಎರಡೂ ತಂತಿ ಕಡಿಯುವ ಡಿಪಿ ಸ್ವಿಚ್ ಆಗಿರಲಿ. ನೀರು ಕಾದ ಮೇಲೆ ಆಫ್ ಮಾಡಿಯೇ ಸ್ನಾನಕ್ಕೆ ಹೋಗಿ, ಟ್ಯಾಂಕಿನ ನೀರು ಆರಿಹೋಗೋಲ್ಲ. ತಕ್ಷಣ ನೀರು ಕಾಯಿಸುವ ಪುಟ್ಟ ಇನ್‌ಸ್ಟಂಟ್ ಗೀಸರಾದರೆ ನೀವು ಕೆಳಗೆ ನಿಂತಿರುವಾಗಲೇ ಸುಮಾರು 13 ಆಂಪಿಯರ್ ಎಳೆಯುತ್ತಿರುತ್ತೆ. ಅರ್ತ್, ಆರ್‌ಸಿಸಿಬಿ ಎರಡೂ ಇಲ್ಲದೆ ಅದನ್ನು ಬಳಸಲೇಬೇಡಿ.

ರಾಡ್ ಬಳಸಲೇಬೇಕಾದರೆ ಐಎಸ್ಐ ಗುರುತಿನದ್ದು, ಮೂರು ಪಿನ್ನಿನದ್ದು ಇರಲಿ. ಮೊದಲು ನೀರಿಗೆ ರಾಡ್, ಆಮೇಲೆ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್ ಆಫ್, ಆಮೇಲೆ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ, ಅದಾದ ಮೇಲಷ್ಟೇ ನೀರು ಮುಟ್ಟಿ. ಬರೀ ಸ್ವಿಚ್ ನಂಬಬೇಡಿ, ಯಾವನೋ ಪುಣ್ಯಾತ್ಮ ಅದನ್ನು ನ್ಯೂಟ್ರಲ್ ತಂತಿಗೆ ಹಾಕಿದ್ದರೆ ಆಫ್ ಮಾಡಿದರೂ ರಾಡಿನಲ್ಲಿ ಕರೆಂಟು ಇರುತ್ತೆ. ಕರೆಂಟ್ ಹೋಯ್ತು ಅಂದ್ರೆ ಮಾಡುವ ಮೊದಲ ಕೆಲಸ ಪ್ಲಗ್ ಕೀಳೋದು. ಮೊಬೈಲ್ ಚಾರ್ಜರು, ಹೇರ್ ಡ್ರೈಯರು ಬಚ್ಚಲ ಹೊರಗೆ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆಫ್. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಒತ್ತುತ್ತಿರಿ.

ನಮ್ಮ ಮನೆಯ ಕಥೆ ಏನಾಯ್ತು ಅಂದ್ರೆ, ಚಿಕ್ಕಪ್ಪ ಎರಡು ದಿನ ಉಳಿದುಕೊಂಡು ಅರ್ತ್ ತಂತಿ ಎಳೆಸಿದರು, ಆರ್‌ಸಿಸಿಬಿ ಕೂರಿಸಿದರು. ಗೀಸರ್ ಗುಜರಿಗೆ ಹೋಯ್ತು. ಮಗಳು ಈಗ ದೊಡ್ಡವಳಾಗಿದ್ದಾಳೆ, ಆ ಮಾತು ಅವಳಿಗೆ ನೆನಪೂ ಇಲ್ಲ. ನನಗೆ ಮಾತ್ರ ದಿನಾ ಬೆಳಗ್ಗೆ ನಲ್ಲಿ ತಿರುಗಿಸುವಾಗ ನೆನಪಾಗುತ್ತೆ. ನಾಲ್ಕು ವರ್ಷದ ಮಗು ಸರಿಯಾಗಿ ಕಂಡುಹಿಡಿದು ಹೇಳಿತ್ತು, ಎಂಜಿನಿಯರ್ ಅಪ್ಪನಿಗೆ ಕೇಳಿಸಿರಲಿಲ್ಲ.

ಈ ಪೋಸ್ಟಿಗೆ "ಚೆನ್ನಾಗಿದೆ, ಬರೀತಿರಿ" ಅಂತ ಕಾಮೆಂಟು ಬೇಡ. ಎದ್ದು ಹೋಗಿ ನಿಮ್ಮ ಮನೆಯ ಸ್ವಿಚ್‌ಬೋರ್ಡಿನ ಡಬ್ಬಿ ತೆರೆದು ನೋಡಿ. "ಟಿ" ಅಂತ ಬರೆದ ಪುಟ್ಟ ಗುಂಡಿ ಇರುವ ಸ್ವಿಚ್ ಇದೆಯಾ? ಇದ್ದರೆ ಒತ್ತಿ. ಟಕ್ ಅಂತ ಬಿದ್ದು ಮನೆ ಕತ್ತಲಾದರೆ ಬಚಾವ್. ಬೀಳದಿದ್ದರೆ, ಅಥವಾ ಅಂಥ ಗುಂಡಿಯೇ ಇಲ್ಲದಿದ್ದರೆ, ನಾಳೆ ಬೆಳಗ್ಗೆ ಏನು ಮಾಡಬೇಕು ಅಂತ ಗೊತ್ತಲ್ಲ.

ಬಿತ್ತೋ ಇಲ್ವೋ, ಅಷ್ಟನ್ನೇ ಕೆಳಗೆ ಬರೆಯಿರಿ.